ಹೆಲಿಕಾಪ್ಟರಿಗೆ ಆಕಾಶ ಯಾವ ಕಡೆ?

ಗೆಳೆಯರೊಬ್ಬರು ಫೋನ್ ಮಾಡಿ, "ಮಾರಾಯ್ರೇ, ಒಂದು ಒಳ್ಳೆ ಜೈರೋ ಹೇಳಿ, ವಿಡಿಯೊ ಅಲುಗಾಡಬಾರದು" ಎಂದರು. ಅವರ ಹತ್ತಿರ ಒಂದು ರಿಮೋಟ್ ಹೆಲಿಕಾಪ್ಟರ್ ಇದೆ. ನಾಲ್ಕು ರೆಕ್ಕೆಚಕ್ರಗಳ ಡ್ರೋನ್ ಅಲ್ಲ. ತಲೆಯ ಮೇಲೆ ಒಂದೇ ದೊಡ್ಡ ರೋಟರ್, ಹಿಂದೆ ಬಾಲ ಇರುವ ಹಳೇ ಮಾದರಿ. ಅದರ ಹೊಟ್ಟೆಗೆ ಕ್ಯಾಮೆರಾ ಕಟ್ಟಿ ತೋಟದ ಮೇಲೆ ಹಾರಿಸಿದ್ದರು. ಕಳಿಸಿದ ವಿಡಿಯೊ ನೋಡಿದೆ. ಅಡಿಕೆ ಮರಗಳೆಲ್ಲ ಹಾವಿನ ಹಾಗೆ ಬಳುಕುತ್ತಿದ್ದವು. ಇಳಿಯುವ ಕಾಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಬೇರೆ ಕಟ್ಟಿದ್ದರು, ದೃಷ್ಟಿ ತಾಗದಿರಲಿ ಅಂತ. ಒಂದೇ ಕಡೆ ನೇತಾಡುವ ನಿಂಬೆಹಣ್ಣು ಹೆಲಿಕಾಪ್ಟರನ್ನು ಆ ಕಡೆಗೆ ಎಳೆಯುತ್ತದೆ ಎಂದು ಮೊದಲು ಅದನ್ನೇ ಹೇಳಿದೆ.

ನಿಜ ಹೇಳಬೇಕೆಂದರೆ, 'ಒಂದು ಜೈರೋ ಹಾಕಿದರೆ ಎಲ್ಲ ಸರಿ' ಎಂಬ ನಂಬಿಕೆಯೂ ನಿಂಬೆಹಣ್ಣಿನ ಜಾತಿಗೇ ಸೇರಿದ್ದು. ಜೈರೋ ಎಂದರೆ ತಿರುಗುವುದನ್ನು ಅಳೆಯುವ ಪುಟ್ಟ ಚಿಪ್. ಅದಕ್ಕೆ ಗೊತ್ತಿರುವುದು ಒಂದೇ ವಿಷಯ: ನಾನು ಈಗ ಎಷ್ಟು ಬೇಗ ತಿರುಗುತ್ತಿದ್ದೇನೆ ಅನ್ನುವುದು. ಮೇಲೆ ಯಾವುದು, ಕೆಳಗೆ ಯಾವುದು ಎಂದು ಅದಕ್ಕೆ ಗೊತ್ತೇ ಇಲ್ಲ.

ಜೈರೋಸ್ಕೋಪ್ ಎಂಬ ಹೆಸರಿಟ್ಟವನು ಫ್ರಾನ್ಸಿನ ಫೂಕೊ, 1852ರಲ್ಲಿ. ಅವನದ್ದು ಬುಗುರಿಯಂತೆ ಗಿರ್ರನೆ ತಿರುಗುವ ಚಕ್ರ. ಈಗಿನ ಚಿಪ್‌ನಲ್ಲಿ ಚಕ್ರವೇ ಇಲ್ಲ. ಕೂದಲಿಗಿಂತ ಸಣ್ಣ ಸಿಲಿಕಾನ್ ಕಡ್ಡಿಗಳು ಅತ್ತಿತ್ತ ಕಂಪಿಸುತ್ತಿರುತ್ತವೆ. ಚಿಪ್ ತಿರುಗಿದರೆ ಕಂಪನ ಸ್ವಲ್ಪ ಓರೆಯಾಗುತ್ತದೆ. ಆ ಓರೆಯನ್ನು ಅಳೆದರೆ ಮುಗಿಯಿತು. ಇದೇನು ಹೊಸ ಉಪಾಯ ಅಂದುಕೊಂಡಿರಾ? ನಿಮ್ಮ ಊಟದ ಮೇಲೆ ಕೂರುವ ನೊಣ ಇದನ್ನು ಎಂದೋ ಮಾಡಿಕೊಂಡಿದೆ. ನೊಣಕ್ಕೆ ಎರಡೇ ರೆಕ್ಕೆ. ಹಿಂದಿನ ಜೋಡಿ ಸವೆದು ಗುಂಡುಸೂಜಿಯಂಥ ಎರಡು ಕಡ್ಡಿಗಳಾಗಿವೆ. ಹಾರುವಾಗ ಅವೂ ಬಡಿಯುತ್ತವೆ, ನೊಣ ಎತ್ತ ತಿರುಗಿತೆಂದು ಹೇಳುತ್ತವೆ. ಅವನ್ನು ಕತ್ತರಿಸಿದರೆ ನೊಣ ಹಾರಲಾರದು ಎಂಬುದನ್ನು ವಿಲಿಯಂ ಡೆರ್ಹಮ್ ಎಂಬ ಇಂಗ್ಲಿಷ್ ಪಾದ್ರಿ 300 ವರ್ಷಗಳ ಹಿಂದೆಯೇ ಕಂಡುಕೊಂಡಿದ್ದ.

ಹೆಲಿಕಾಪ್ಟರಿನ ಬಾಲಕ್ಕೆ ಜೈರೋ ಬೇಕೇ ಬೇಕು, ಅದರಲ್ಲಿ ಚರ್ಚೆಯಿಲ್ಲ. ಆದರೆ ಮೈ ವಾಲದಂತೆ ನಿಲ್ಲಿಸಲು ಅದೊಂದೇ ಸಾಲದು. ತಿರುಗಿದ ವೇಗವನ್ನು ಕೂಡಿಸುತ್ತಾ ಹೋಗಿ 'ಇಷ್ಟು ವಾಲಿದ್ದೇನೆ' ಎಂದು ಅದು ಲೆಕ್ಕ ಹಾಕಬೇಕು. ಸೆಕೆಂಡಿಗೆ 0.1 ಡಿಗ್ರಿ ತಪ್ಪಿದರೂ ಒಂದು ನಿಮಿಷಕ್ಕೆ 6 ಡಿಗ್ರಿ ಆಯಿತು. ಹತ್ತು ನಿಮಿಷ ಹಾರಿಸಿ ನೋಡಿ!

ಹಾಗಾದರೆ ಒಂದು ತೂಗುಗುಂಡು ಕಟ್ಟಿದರೆ? ಗಾರೆಯವರು ಗೋಡೆ ನೆಟ್ಟಗಿದೆಯಾ ನೋಡಲು ದಾರದಲ್ಲಿ ಇಳಿಬಿಡುವ ಗುಂಡು. ಅದು ಯಾವಾಗಲೂ ನೆಲವನ್ನೇ ತೋರಿಸುತ್ತದೆ, ಅಲ್ವಾ? ಗೋಡೆಯ ಪಕ್ಕದಲ್ಲಿ ಹೌದು. ಹೆಲಿಕಾಪ್ಟರಿನಲ್ಲಿ ಇಲ್ಲ. ನನಗೆ ತುಂಬಾ ಇಷ್ಟವಾದ ಸಂಗತಿ ಇದೇ. ಬಸ್ಸು ಹೊರಟಾಗ ಮೇಲಿನ ಹಿಡಿಕೆಗಳು ಹಿಂದಕ್ಕೆ ಜೋಲುತ್ತವೆ. ಈಗ ಹೆಲಿಕಾಪ್ಟರ್ ಬಲಕ್ಕೆ ವಾಲಿತು ಅನ್ನಿ. ವಾಲಿದೊಡನೆ ಬಲಕ್ಕೆ ಜಾರತೊಡಗುತ್ತದೆ, ವೇಗ ಏರುತ್ತದೆ. ಗುಂಡು ಹಿಂದೆ ಉಳಿಯುತ್ತದೆ, ಅಂದರೆ ಎಡಕ್ಕೆ. ಎಷ್ಟು ಎಡಕ್ಕೆ? ಸರಿಯಾಗಿ ಹೆಲಿಕಾಪ್ಟರಿನ ಹೊಟ್ಟೆ ಎಷ್ಟು ಓರೆಯಾಗಿದೆಯೋ ಅಷ್ಟು! ಗುಂಡು ನೆಲವನ್ನು ಬಿಟ್ಟು ಹೆಲಿಕಾಪ್ಟರಿನ ಕಾಲನ್ನೇ ತೋರಿಸುತ್ತಾ 'ಎಲ್ಲ ನೆಟ್ಟಗಿದೆ' ಅನ್ನುತ್ತದೆ. ಗಾಳಿಯ ತಡೆಯಿಂದ ವೇಗ ಏರುವುದು ನಿಂತ ಮೇಲಷ್ಟೇ ನಿಜ ಹೇಳುತ್ತದೆ. ವೇಗದ ಏರಿಳಿತ ಅಳೆಯುವ ಆಕ್ಸಿಲರೋಮೀಟರ್ ಚಿಪ್ ಎಂದರೆ ಈ ತೂಗುಗುಂಡೇ. ಮೋಡದೊಳಗೆ ಸಿಕ್ಕ ಪೈಲಟ್‌ಗಳು ಒಳಗಿವಿಯನ್ನು ನಂಬಿ ಮೋಸಹೋಗುವುದೂ ಹೆಚ್ಚುಕಡಿಮೆ ಹೀಗೆಯೇ.

ಅಂದಮೇಲೆ ಎರಡನ್ನೂ ಸೇರಿಸಬೇಕು. ನಮ್ಮ ಮನೆಯಲ್ಲಿ ಕೀಲಿ ಕೊಡುವ ಗಡಿಯಾರವಿತ್ತು. ನಿಲ್ಲದೆ ಓಡುತ್ತಿತ್ತು, ಆದರೆ ದಿನಕ್ಕೆ ಎರಡು ನಿಮಿಷ ಮುಂದೆ. ಆಕಾಶವಾಣಿ ವಾರ್ತೆಗೆ ಮುಂಚೆ ಬರುವ ಸಮಯದ ಸದ್ದು ಕೇಳಿ ಅಪ್ಪ ಮುಳ್ಳು ಸರಿಸುತ್ತಿದ್ದರು. ಜೈರೋ ಆ ಗಡಿಯಾರ, ತೂಗುಗುಂಡು ರೇಡಿಯೊ. ಇನ್ನೊಂದು ಹೋಲಿಕೆ ಕೊಡದೆ ಮನಸ್ಸು ಕೇಳದು: ಒಬ್ಬ ಸಾಕ್ಷಿ ಪ್ರಾಮಾಣಿಕ, ಆದರೆ ಮರೆಗುಳಿ. ಇನ್ನೊಬ್ಬ ಗಳಿಗೆಗೊಂದು ಮಾತಾಡುತ್ತಾನೆ, ಆದರೆ ದಿನವಿಡೀ ಕೇಳಿ ಸರಾಸರಿ ತೆಗೆದರೆ ನಿಜ ಸಿಗುತ್ತದೆ. ಯಾರನ್ನು ಯಾವಾಗ ಎಷ್ಟು ನಂಬಬೇಕು ಎಂಬ ಲೆಕ್ಕವನ್ನು ರುಡಾಲ್ಫ್ ಕಾಲ್ಮನ್ ಎಂಬ ಎಂಜಿನಿಯರ್ 1960ರಲ್ಲಿ ಬರೆದ. ಚಂದ್ರನತ್ತ ಹೋದ ಅಪೊಲೊ ನೌಕೆಗಳು ಅದನ್ನು ಬಳಸಿದವು. ಈಗ ಅದು ಆಟಿಕೆಯಲ್ಲೂ ಇದೆ.

ಚಿಪ್‌ಗಳು ಅಗ್ಗವಾಗುವ ಮೊದಲು ಒಂದು ಚಂದದ ಅಡ್ಡದಾರಿ ಇತ್ತು. ಎಫ್‌ಎಂಎ ಕಂಪನಿಯ ಕೋ-ಪೈಲಟ್ ಎಂಬ ಪುಟ್ಟ ಪೆಟ್ಟಿಗೆ. ನಾಲ್ಕು ದಿಕ್ಕಿಗೆ ನಾಲ್ಕು ಶಾಖದ ಕಣ್ಣುಗಳು. ಆಕಾಶ ತಣ್ಣಗೆ, ನೆಲ ಬೆಚ್ಚಗೆ. ಬಲಗಣ್ಣಿಗೆ ಜಾಸ್ತಿ ಬೆಚ್ಚಗಾದರೆ ಬಲಕ್ಕೆ ವಾಲಿದ್ದೇನೆ ಎಂದರ್ಥ, ಎಡಕ್ಕೆ ತಿದ್ದು. ಅಷ್ಟೇ! ಚಿತ್ರದುರ್ಗದ ಬಯಲಿನಂಥ ಕಡೆ ಇದು ಹೇಳಿ ಮಾಡಿಸಿದ್ದು. ಆಗುಂಬೆಯಂಥ ಕಡೆ ಪಕ್ಕದ ಗುಡ್ಡವನ್ನೇ ನೆಲ ಅಂದುಕೊಂಡು ಅದರಿಂದ ದೂರ ವಾಲುತ್ತದೆ. ಮಂಜು ಕವಿದರಂತೂ ನಾಲ್ಕೂ ಕಣ್ಣಿಗೆ ಎಲ್ಲ ಕಡೆ ಒಂದೇ. ಜರ್ಮನಿಯ ಹೆಲಿಕಮಾಂಡ್ ಎಂಬ ಪೆಟ್ಟಿಗೆ ಇನ್ನೊಂದು ದಾರಿ ಹಿಡಿಯಿತು. ಕಂಪ್ಯೂಟರ್ ಮೌಸ್ ಮೇಜನ್ನು ನೋಡುವ ಹಾಗೆ ಕೆಳಗಿನ ನೆಲವನ್ನು ನೋಡುತ್ತಾ ಜಾರದೆ ನಿಲ್ಲುವುದು. ಕೆರೆಯ ಮೇಲೆ ಇದರ ಆಟ ನಡೆಯದು. ಅಂದಹಾಗೆ, ಇಂದು ಡ್ರೋನ್ ಎಂದರೆ ನೆನಪಾಗುವ ಡಿಜೆಐ ಕಂಪನಿಯೂ 2006ರಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ಹೆಲಿಕಾಪ್ಟರಿನ ನಿಯಂತ್ರಣ ಪೆಟ್ಟಿಗೆಯನ್ನೇ.

ಇಷ್ಟೆಲ್ಲ ಹೆಲಿಕಾಪ್ಟರಿನ ಮಾತಾಯಿತು. ಕ್ಯಾಮೆರಾದ ಮಾತು ಬೇರೆ. 100 ಮೀಟರ್ ದೂರದ ಮರವನ್ನು ತೆಗೆಯುವಾಗ ಹೆಲಿಕಾಪ್ಟರ್ 2 ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ ಚಿತ್ರದಲ್ಲಿ ಗೊತ್ತೇ ಆಗದು. ಕ್ಯಾಮೆರಾ 1 ಡಿಗ್ರಿ ತಿರುಗಿದರೆ ಚಿತ್ರ 1.75 ಮೀಟರ್ ಹಾರುತ್ತದೆ. ಅದಕ್ಕೇ ಗಿಂಬಲ್, ಅಂದರೆ ಹೆಲಿಕಾಪ್ಟರ್ ವಾಲಿದರೂ ಕ್ಯಾಮೆರಾ ತಿರುಗದಂತೆ ಮೋಟರಿನಿಂದ ಹಿಡಿದಿಡುವ ಚೌಕಟ್ಟು. ಕೋಳಿಯನ್ನು ಕೈಯಲ್ಲಿ ಹಿಡಿದು ಮೈ ಅಲುಗಿಸಿ, ತಲೆ ಇದ್ದಲ್ಲೇ ಇರುತ್ತದೆ. ಗಿಂಬಲ್ ಕ್ಯಾಮೆರಾಗೆ ಅಂಥ ಕುತ್ತಿಗೆ. ದುಡ್ಡು ಒಂದಕ್ಕೇ ಇದೆ ಅಂದರೆ, ನಾನಾದರೆ ಹೆಲಿಕಾಪ್ಟರನ್ನು ನೆಟ್ಟಗಿಡುವ ದುಬಾರಿ ಪೆಟ್ಟಿಗೆ ಬಿಟ್ಟು ಗಿಂಬಲ್ಲನ್ನೇ ಕೊಳ್ಳುತ್ತೇನೆ. ಹಾರಿಸಲು ಕೈ ಪಳಗಿದ್ದರೆ ಮಾತ್ರ.

ಆದರೆ ಬಳುಕುವ ಅಡಿಕೆ ಮರಕ್ಕೆ ಇದ್ಯಾವುದೂ ಮದ್ದಲ್ಲ. ಅವರ ರೋಟರ್ ನಿಮಿಷಕ್ಕೆ ಸುಮಾರು 1800 ಸುತ್ತು, ಅಂದರೆ ಸೆಕೆಂಡಿಗೆ 30. ರೆಕ್ಕೆಗಳ ತೂಕದಲ್ಲಿ ಚೂರು ವ್ಯತ್ಯಾಸವಿದ್ದರೂ ಸೆಕೆಂಡಿಗೆ 30 ಸಲ ಗುದ್ದು. ಕ್ಯಾಮೆರಾ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಓದುವಷ್ಟರಲ್ಲಿ ತಾನೇ ಅಲುಗಿದರೆ ಮರ ಬಳುಕದೆ ಇನ್ನೇನು? ಇಷ್ಟು ವೇಗದ ಗುದ್ದನ್ನು ಗಿಂಬಲ್ಲಿನ ಮೋಟರ್ ತಿದ್ದಲಾರದು. ಇದಕ್ಕೆ ಮೆತ್ತನೆಯ ರಬ್ಬರ್ ಬೇಕು. ಎಷ್ಟು ಮೆತ್ತಗೆ? ಒಂದು ಬೀಗವನ್ನು ದಾರಕ್ಕೆ ಕಟ್ಟಿ ತೂಗುಬಿಡಿ. ಕೈಯನ್ನು ನಿಧಾನ ಆಡಿಸಿದರೆ ಬೀಗ ಹಿಂದೆಯೇ ಬರುತ್ತದೆ. ಬೀಗದ್ದೇ ಲಯಕ್ಕೆ ಆಡಿಸಿದರೆ ಹುಚ್ಚೆದ್ದು ಕುಣಿಯುತ್ತದೆ. ಪಟಪಟ ಆಡಿಸಿದರೆ ಅಲ್ಲಾಡದೆ ನಿಲ್ಲುತ್ತದೆ. ರಬ್ಬರಿನ ಮೇಲೆ ಕೂತ ಕ್ಯಾಮೆರಾದ ಸ್ವಂತ ಲಯ 30ಕ್ಕಿಂತ ತುಂಬಾ ಕೆಳಗಿರಬೇಕು. ಗೆಳೆಯರು ಹಾಕಿದ್ದು ಗಟ್ಟಿ ರಬ್ಬರ್. ಅದು ಗುದ್ದನ್ನು ತಡೆಯುವ ಬದಲು ಹೆಚ್ಚಿಸುತ್ತಿತ್ತು.

ಮುಂದಿನ ವಾರ ಅವರು ಹಗುರವಾದ ರೆಕ್ಕೆಗೆ ಒಂದು ತುಂಡು ಟೇಪ್ ಅಂಟಿಸಿ ಎರಡರ ತೂಕ ಸಮ ಮಾಡಿದರು, ರಬ್ಬರ್ ಬದಲಿಸಿದರು. ಅಡಿಕೆ ಮರಗಳು ನೆಟ್ಟಗೆ ನಿಂತವು. ನಿಂಬೆಹಣ್ಣು ಈಗ ಎರಡೂ ಕಾಲಿಗೆ ಒಂದೊಂದು ಇದೆ.