ಸಾವಯವ ಅಂದರೆ ಯಾವ ಅವಯವ?

ಗಿಡಗಳಿಗೆ ಹೊಡೆಯುವ ಸ್ಪ್ರೇ ಬಾಟಲಿಯೊಂದರ ಮೇಲೆ ಮೊನ್ನೆ ಹೀಗಿತ್ತು: 'ಪೂರ್ತಿ ಸಾವಯವ, ರಾಸಾಯನಿಕವೇ ಇಲ್ಲ.' ರಾಸಾಯನಿಕವೇ ಇಲ್ಲ ಅಂದಮೇಲೆ ಒಳಗೆ ನೀರೂ ಇರಬಾರದು, ಅಲ್ವಾ? ಸುಮ್ನೆ ಬಿಡೋಣ ಅಂದುಕೊಂಡೆ. ಆದರೆ ಈ ತಿಂಗಳಲ್ಲಿ ಇದು ನಾಲ್ಕನೆಯದು.

'ಸ' ಅಂದರೆ ಕೂಡಿದ, 'ಅವಯವ' ಅಂದರೆ ಅಂಗ. ಅಂಗಗಳಿಂದ ಕೂಡಿದ್ದು ಸಾವಯವ. ಗೊಬ್ಬರಕ್ಕೆ ಕೈಕಾಲು ಎಲ್ಲಿಂದ ಬಂತು ಅಂದರೆ, ಇಂಗ್ಲಿಷಿನಿಂದ. 'ಆರ್ಗ್ಯಾನಿಕ್' ಒಳಗಿನ 'ಆರ್ಗನ್' ನಮ್ಮಲ್ಲಿ ಅವಯವವಾಯಿತು. ಅದರ ಗ್ರೀಕ್ ಮೂಲ 'ಆರ್ಗನಾನ್' ಅಂದರೆ ಉಪಕರಣ. ಉಪಕರಣದಿಂದ ಅಂಗ, ಅಂಗದಿಂದ ಜೀವಿ, ಜೀವಿಯಿಂದ ಸಿಗುವ ವಸ್ತು ಅಂತ ಅರ್ಥ ಜಾರುತ್ತಾ ಬಂತು.

ಜಾರಿದ್ದು ಎರಡು ಕಡೆಗೆ. ರಸಾಯನಶಾಸ್ತ್ರದಲ್ಲಿ ಇಂಗಾಲದ ಸಂಯುಕ್ತಗಳೆಲ್ಲ ಹೆಚ್ಚುಕಡಿಮೆ ಸಾವಯವವೇ. 1828ರಲ್ಲಿ ಜರ್ಮನ್ ರಸಾಯನವಿಜ್ಞಾನಿ ವೋಲರ್ ಪ್ರಯೋಗಾಲಯದಲ್ಲಿ ತಯಾರಿಸಿದ ಯೂರಿಯಾ ಸಾವಯವ. ಕೀಟನಾಶಕ ಡಿಡಿಟಿಯೂ ಸಾವಯವ! ಕೃಷಿಯವರ ಅರ್ಥವೇ ಬೇರೆ. ಇಂಗ್ಲೆಂಡಿನ ಕೃಷಿ ಲೇಖಕ ಲಾರ್ಡ್ ನಾರ್ತ್‌ಬೋರ್ನ್ 1940ರಲ್ಲಿ ಜಮೀನನ್ನೇ ಒಂದು ಜೀವಿಯಂತೆ ಕಂಡರು. ಮಣ್ಣು, ಗಿಡ, ಹುಳು, ದನ ಎಲ್ಲವೂ ಅದರ ಅಂಗಗಳು. ಇಲ್ಲಿ ಕಾರ್ಖಾನೆಯ ಯೂರಿಯಾಕ್ಕೆ ಜಾಗವಿಲ್ಲ. ಇಂಗಾಲದ ಗಂಧವೇ ಇಲ್ಲದ ಗಂಧಕಕ್ಕೆ ಇದೆ. ನುಸಿಗೂ ಬೂದಿ ರೋಗಕ್ಕೂ ಅದನ್ನು ಬಳಸುತ್ತಾರೆ.

ಇನ್ನು 'ಗಿಡದಿಂದ ಬಂದದ್ದು, ಏನೂ ಆಗಲ್ಲ' ಅನ್ನುವವರಿದ್ದಾರೆ. ಹೊಗೆಸೊಪ್ಪೂ ಗಿಡವೇ. ಅದರ ನಿಕೋಟಿನ್ ಅಪ್ಪಟ ವಿಷ, ಚರ್ಮದ ಮೂಲಕವೂ ಮೈಗಿಳಿಯುತ್ತದೆ. ಸೇವಂತಿಗೆಯ ಬಳಗದ ಹೂವಿನಿಂದ ತೆಗೆಯುವ ಪೈರೆಥ್ರಮ್ ಅನ್ನುವ ಕೀಟನಾಶಕ ಜೇನುನೊಣವನ್ನೂ ಕೊಲ್ಲುತ್ತದೆ, ಮೀನನ್ನೂ ಕೊಲ್ಲುತ್ತದೆ.

ಬೇವಿನೆಣ್ಣೆಯ ಕಷ್ಟ ಇದಕ್ಕೆ ಉಲ್ಟಾ. ಅದನ್ನು ಎಲ್ಲರೂ 'ನಾಶಕ' ಅಂತ ಕರೆದು, ಎರಡೇ ದಿನಕ್ಕೆ 'ಹುಳು ಸಾಯಲಿಲ್ಲ' ಅಂತ ದೂರುತ್ತಾರೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಅನ್ನುವ ವಸ್ತು ಹುಳುವಿನ ಹಸಿವು ಕಟ್ಟುತ್ತದೆ, ಪೊರೆ ಬಿಡದಂತೆ ತಡೆಯುತ್ತದೆ. ಅದಕ್ಕೆ ದಿನ ಬೇಕು. 1 ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ ಸಾಕು, ಜೊತೆಗೆ ನಾಲ್ಕು ಹನಿ ಸೋಪು. ಸೋಪಿಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ, ನೀವು ಬರೀ ನೀರು ಹೊಡೆದಿರುತ್ತೀರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಸೋಪಿನ ನೀರೊಂದೇ ಆದರೆ ಒದ್ದೆ ಇರುವಷ್ಟು ಹೊತ್ತು, ತಾಗಿದ ಹುಳುವಿನ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಎಲೆಯ ಅಡಿಗೆ ಹೊಡೆಯದವರಿಗೆ ಯಾವ ಔಷಧಿಯೂ ಕೆಲಸ ಮಾಡಲ್ಲ, ಬಿಡಿ. ಮನೆಯೊಳಗಿನ ಕುಂಡದಲ್ಲಿ ಹಿಟ್ಟು ತಿಗಣೆ ಬಂದರೆ ಆ ಕುಂಡವನ್ನು ಮೊದಲು ಬೇರೆ ಕುಂಡಗಳಿಂದ ದೂರ ಇಡಿ. ತಿಗಣೆ ಎಲೆ ತೊಟ್ಟಿನ ಸಂದಿಯಲ್ಲಿ ಹತ್ತಿ ಚೂರಿನಂತೆ ಕೂತಿರುತ್ತದೆ. ಸ್ಪಿರಿಟ್ ಅದ್ದಿದ ಕಡ್ಡಿಯಿಂದ ಒತ್ತಿದರೆ ಬಿಳಿ ಕರಗಿ, ನಸುಗೆಂಪು ಮೈ ಕಾಣುತ್ತದೆ.

ಜಮೀನೆಂಬ ಜೀವಿಯ ಅವಯವಗಳಿಗೆ ಮರಳೋಣ. ಎಲೆಯ ಮೇಲೆ ಸಸ್ಯಹೇನುಗಳ ನಡುವೆ ಕಪ್ಪಗೆ, ಪುಟ್ಟ ಮೊಸಳೆಯಂಥ ಹುಳು ಓಡಾಡುತ್ತಿದ್ದರೆ ಅದು ಗುಲಗಂಜಿ ಹುಳುವಿನ ಮರಿ. ಹೇನು ತಿನ್ನಲು ಬಂದಿದೆ. 'ಪೂರ್ತಿ ಸಾವಯವ' ಬಾಟಲಿ ಹಿಡಿದವರು ಮೊದಲು ಹೊಡೆಯುವುದು ಅದಕ್ಕೇ, ಕಣ್ಣಿಗೆ ದೊಡ್ಡದಾಗಿ ಕಾಣುತ್ತದಲ್ಲ.