ಚೆಕ್ ಎಂಜಿನ್ ಲೈಟ್ ಹತ್ತಿದರೆ ಆಕ್ಸಿಜನ್ ಸೆನ್ಸರ್ ಬದಲಾಯಿಸಲೇಬೇಕಾ?

ಪ್ರಶ್ನೆ: ನನ್ನದು 2018ರ ಪೆಟ್ರೋಲ್ ಕಾರು, 82 ಸಾವಿರ ಕಿಲೋಮೀಟರ್ ಓಡಿದೆ. ಒಂದು ತಿಂಗಳಿಂದ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ಲೈಟ್ ಹತ್ತಿಕೊಂಡೇ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ಸ್ವಲ್ಪ ನಡುಗುತ್ತದೆ, ಹೊರಟ ಮೇಲೆ ಸರಿ ಹೋಗುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿ, ‘ಪಿ0171 ಬಂದಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕೋಣ’ ಅಂದರು. ಆದರೆ ಹೋದ ವಾರವಷ್ಟೇ ಎಮಿಷನ್ ಟೆಸ್ಟ್ ಮಾಡಿಸಿದ್ದೆ, ಪಾಸ್ ಆಗಿದೆ. ಹೊಗೆಯೂ ಇಲ್ಲ. ಸೆನ್ಸರ್ ಹಾಕಿಸಲಾ, ಬೇಡವಾ?
– ಹಾಸನದಿಂದ ಒಬ್ಬ ಓದುಗರು

ಉತ್ತರ: ಸದ್ಯಕ್ಕೆ ಹಾಕಿಸಬೇಡಿ. ಅದಕ್ಕೂ ಮೊದಲು ಎರಡು ಅಂಕಿ ನೋಡುವುದು ಬಾಕಿ ಇದೆ. ಹತ್ತು ನಿಮಿಷದ ಕೆಲಸ, ಒಂದು ಬೋಲ್ಟ್ ಕೂಡ ಬಿಚ್ಚಬೇಕಿಲ್ಲ.

ಇಂಥ ಪ್ರಶ್ನೆ ನನಗೆ ಜಾಸ್ತಿ ಬರುತ್ತದೆ. ಲೈಟ್ ಹತ್ತಿತು, ಕೋಡ್ ಬಂತು, ಯಾವುದೋ ಸೆನ್ಸರ್ ಬದಲಾಯಿತು, ಹದಿನೈದು ದಿನಕ್ಕೆ ಲೈಟ್ ಮತ್ತೆ ಹತ್ತಿತು. ದುಡ್ಡು ಹೋಗಿದ್ದು ನಿಜ, ಗಾಡಿ ಸರಿಯಾಗಲಿಲ್ಲ ಅನ್ನುವುದೂ ನಿಜ. ಇದನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಯಾಕೆಂದರೆ ಕಾರಣ ಏನು ಅಂತ ಗಾಡಿಯೇ ಒಳಗೆ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಪೂರ್ತಿ ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಮೊದಲು ಕೋಡ್ ಏನು ಹೇಳುತ್ತಿದೆ ನೋಡೋಣ. ಪಿ0171 ಅಂದರೆ ‘ಮಿಕ್ಸ್ಚರ್ ತುಂಬಾ ಲೀನ್, ಬ್ಯಾಂಕ್ 1’. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ. ಬ್ಯಾಂಕ್ 1 ಅಂದರೆ ಒಂದನೇ ಸಿಲಿಂಡರ್ ಇರುವ ಸಾಲು. ನಾಲ್ಕು ಸಿಲಿಂಡರಿನ ಸಾಮಾನ್ಯ ಗಾಡಿಗಳಲ್ಲಿ ಇರುವುದೇ ಒಂದು ಸಾಲು, ಹಾಗಾಗಿ ಆ ಮಾತನ್ನು ಬಿಟ್ಟುಬಿಡಬಹುದು. ಇಲ್ಲಿ ಎಲ್ಲೂ ಸೆನ್ಸರ್ ಕೆಟ್ಟಿದೆ ಅನ್ನುವ ಮಾತೇ ಇಲ್ಲ. ಸೆನ್ಸರ್ ಕೆಟ್ಟರೆ ಸಾಮಾನ್ಯವಾಗಿ ಪಿ0130ರ ಆಸುಪಾಸಿನ ಕೋಡ್‌ಗಳು ಬರುತ್ತವೆ. ಉದಾಹರಣೆಗೆ ಪಿ0133 ಬಂದರೆ ಸೆನ್ಸರ್ ನಿಧಾನವಾಗಿದೆ ಅಂತ, ಪಿ0135 ಬಂದರೆ ಅದರ ಹೀಟರ್ ಕೆಲಸ ಮಾಡುತ್ತಿಲ್ಲ ಅಂತ.

ಮನೆಯಲ್ಲಿ ಸಾರು ಕುದಿಯುವಾಗ ರುಚಿ ನೋಡಿ ಉಪ್ಪು ಹಾಕುತ್ತೇವಲ್ಲ, ಎಂಜಿನ್ ಕೂಡ ಹಾಗೇ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಉರಿದ ಮೇಲೆ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿಯಿತು ಅಂತ ಆಕ್ಸಿಜನ್ ಸೆನ್ಸರ್ ನೋಡುತ್ತದೆ. ಜಾಸ್ತಿ ಉಳಿದರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಪೆಟ್ರೋಲ್ ಸ್ವಲ್ಪ ಹೆಚ್ಚಿಸುತ್ತದೆ, ಕಡಿಮೆ ಉಳಿದರೆ ಇಳಿಸುತ್ತದೆ. ಇದು ಗಾಡಿ ಓಡುವಷ್ಟು ಹೊತ್ತೂ ನಡೆಯುತ್ತಿರುತ್ತದೆ. ಸಾರಿಗೆ ಉಪ್ಪು ಸಾಲದು ಅಂತ ನಾಲಿಗೆ ಹೇಳಿದರೆ ನಾಲಿಗೆ ಕೆಟ್ಟಿದೆ ಅನ್ನುತ್ತೇವಾ? ಪಿ0171 ಬಂದ ತಕ್ಷಣ ಸೆನ್ಸರ್ ಬಿಚ್ಚುವುದು ಅಂದರೆ ಅದೇ ಕೆಲಸ.

ಈ ಹೆಚ್ಚಿಸುವ, ಇಳಿಸುವ ಲೆಕ್ಕಕ್ಕೆ ಫ್ಯೂಯಲ್ ಟ್ರಿಮ್ ಅನ್ನುತ್ತಾರೆ. ನಾನು ಹೇಳಿದ ಎರಡು ಅಂಕಿ ಇವೇ. ಶಾರ್ಟ್ ಟರ್ಮ್ ಟ್ರಿಮ್ ಅಂದರೆ ಈ ಕ್ಷಣದ ಹೊಂದಾಣಿಕೆ. ಲಾಂಗ್ ಟರ್ಮ್ ಟ್ರಿಮ್ ಅಂದರೆ ದಿನಗಟ್ಟಲೆ ನೋಡಿ ಗಾಡಿ ರೂಢಿ ಮಾಡಿಕೊಂಡ ಹೊಂದಾಣಿಕೆ. ಎರಡನ್ನೂ ಕೂಡಿಸಿ ನೋಡಬೇಕು. ಆರೋಗ್ಯವಾಗಿರುವ ಎಂಜಿನ್‌ನಲ್ಲಿ ಮೊತ್ತ ಸೊನ್ನೆಯ ಹತ್ತಿರ, ಹೆಚ್ಚೆಂದರೆ 10% ಒಳಗೆ ಇರುತ್ತದೆ. ಪ್ಲಸ್ ಇದ್ದರೆ ಪೆಟ್ರೋಲ್ ಜಾಸ್ತಿ ಸುರಿಯುತ್ತಿದೆ, ಮೈನಸ್ ಇದ್ದರೆ ಕಡಿಮೆ ಮಾಡುತ್ತಿದೆ ಅಂತ. ಬಹಳ ಗಾಡಿಗಳಲ್ಲಿ 20–25% ಮುಟ್ಟಿದಾಗ ಇಸಿಯು ‘ಇನ್ನು ನನ್ನ ಕೈಲಿ ಆಗಲ್ಲ’ ಅಂತ ಲೈಟ್ ಹಚ್ಚುತ್ತದೆ.

ಈ ಮೊತ್ತವನ್ನು ಸ್ಕ್ಯಾನರ್ ಪರದೆಯಲ್ಲಿ ನೋಡಿ ಎರಡು ಸಲ ಬರೆದುಕೊಳ್ಳಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಒಮ್ಮೆ. ಆಮೇಲೆ ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ಇನ್ನೊಮ್ಮೆ. ಇಡೀ ಪತ್ತೆ ಕೆಲಸದ ಗುಟ್ಟು ಈ ಎರಡರ ನಡುವಿನ ವ್ಯತ್ಯಾಸದಲ್ಲಿದೆ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಭಾವನ ಕಾರಿಗೂ ಇದೇ ಕೋಡ್ ಬಂದಿತ್ತು. ಸೆನ್ಸರ್ ಆಗಲೇ ಹೊಸದು ಹಾಕಿಸಿದ್ದರು, ಲೈಟ್ ಮಾತ್ರ ಆರಿರಲಿಲ್ಲ. ಅಡಿಕೆ ದಾಸ್ತಾನು ಮಾಡುವ ಶೆಡ್ಡಿನ ಪಕ್ಕ ಗಾಡಿ ನಿಂತಿತ್ತು. ನನ್ನ ಬ್ಲೂಟೂತ್ ರೀಡರ್ ಸಿಕ್ಕಿಸಿ ಎಂಜಿನ್ ಬಿಸಿ ಮಾಡಿದೆ. ಐಡಲಿಂಗ್‌ನಲ್ಲಿ ಲಾಂಗ್ ಟರ್ಮ್ +18, ಶಾರ್ಟ್ ಟರ್ಮ್ +6. ಒಟ್ಟು 24. ಭಾವನಿಗೆ 2,500ರಲ್ಲಿ ಹಿಡಿಯಲು ಹೇಳಿದೆ. ಮೊತ್ತ +7ಕ್ಕೆ ಇಳಿಯಿತು.

ನಿಂತಾಗ ಜಾಸ್ತಿ, ಏರಿಸಿದಾಗ ಕಡಿಮೆ. ಅಂದರೆ ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಐಡಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಸ್ವಲ್ಪ, ಅದರಲ್ಲಿ ತೂತಿನಿಂದ ಬಂದ ಗಾಳಿಯ ಪಾಲು ದೊಡ್ಡದಾಗುತ್ತದೆ. ಏರಿಸಿದಾಗ ಎಂಜಿನ್ ಎಷ್ಟೋ ಪಟ್ಟು ಜಾಸ್ತಿ ಗಾಳಿ ಎಳೆಯುತ್ತದೆ. ಆಗ ಅದೇ ತೂತು ಲೆಕ್ಕಕ್ಕೆ ಬರುವುದಿಲ್ಲ.

ಒಂದು ಮೊಳ ಉದ್ದದ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಇಟ್ಟುಕೊಂಡೆ. ಇನ್ನೊಂದು ತುದಿಯನ್ನು ಫ್ಯಾನು, ಬೆಲ್ಟಿನಿಂದ ದೂರ ಇಟ್ಟು, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಸುತ್ತ ನಿಧಾನಕ್ಕೆ ಆಡಿಸಿದೆ. ಹಿಂದುಗಡೆ, ಕೈ ಕಷ್ಟಪಟ್ಟು ತೂರುವ ಜಾಗದಲ್ಲಿ, ‘ಸ್ಸ್’ ಅಂತ ಸಣ್ಣ ಸದ್ದು. ಎಂಜಿನ್ ಆಫ್ ಮಾಡಿ ಬೆರಳಾಡಿಸಿದೆ. ಎಂಜಿನ್‌ನ ಬ್ರೀದರ್ ಗಾಳಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ರಬ್ಬರ್ ಪೈಪು, ಬಾಗಿದ ಕಡೆ, ಕೆಳಭಾಗದಲ್ಲಿ ಹರಿದಿತ್ತು. ತೂತು ಕಿರುಬೆರಳ ಉಗುರಿನಷ್ಟು. ಅಂಚಿನಲ್ಲಿ ಜೋಡಿ ಜೋಡಿ ಹಲ್ಲಿನ ಗುರುತು. ಪಕ್ಕದಲ್ಲಿ ಅಡಿಕೆ ಸಿಪ್ಪೆಯ ನಾರು. ಇಲಿ ಕೆಲಸ. ಮಳೆಗಾಲದಲ್ಲಿ ಬೆಚ್ಚಗಿರುವ ಬಾನೆಟ್ಟಿನ ಕೆಳಗೆ ಇಲಿ ಸೇರಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ.

ಮತ್ತೆ ಸ್ಟಾರ್ಟ್ ಮಾಡಿ ಆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದೆ. ನಡುಕ ನಿಂತಿತು. ಭಾವ ಫೋನ್ ನೋಡುತ್ತಾ ಅಂಕಿ ಓದಿದರು: ಶಾರ್ಟ್ ಟರ್ಮ್ +6ರಿಂದ ಜಾರಿ ಮೈನಸ್ 14ಕ್ಕೆ ಬಂತು. ಲಾಂಗ್ ಟರ್ಮ್ ಇನ್ನೂ +18ರಲ್ಲೇ ಇತ್ತು, ಅದು ರೂಢಿ ಬಿಡಲು ಹೊತ್ತು ಬೇಕು. ಕೂಡಿಸಿದರೆ +4. ಎಂಜಿನ್ ಸರಿಯಾಗಿದೆ ಅನ್ನಲು ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

‘ಹಾಗಾದ್ರೆ ಹಳೇ ಸೆನ್ಸರ್ ಸರಿಯಾಗೇ ಇತ್ತಾ?’ ಅಂದರು ಭಾವ.

‘ಸರಿಯಾಗೇ ಇತ್ತು ಭಾವ. ಗಾಳಿ ಜಾಸ್ತಿ ಬರ್ತಿದೆ ಅಂತ ಅದೇ ಅಲ್ವಾ ಹೇಳ್ತಾ ಇದ್ದಿದ್ದು’ ಅಂದೆ. ಹೊಸ ಪೈಪಿಗೆ 340 ರೂಪಾಯಿ ಆಯಿತು.

ನೀವು ಬರೆದಿರುವ ಲಕ್ಷಣ, ನಿಂತಾಗ ನಡುಕ, ಹೊರಟ ಮೇಲೆ ಸರಿ, ಇದಕ್ಕೆ ತುಂಬಾ ಹತ್ತಿರ ಇದೆ. ಆದರೂ ಅಂಕಿ ನೋಡದೆ ಇಲಿ ಮೇಲೆ ತಪ್ಪು ಹೊರಿಸುವುದು ಬೇಡ. ಅಂಕಿ ಉಲ್ಟಾ ಇದ್ದರೆ, ಅಂದರೆ ನಿಂತಾಗ ಸರಿಯಾಗಿದ್ದು ಏರಿಸಿದಾಗ ಅಥವಾ ಘಾಟಿ ಹತ್ತುವಾಗ ಪ್ಲಸ್ ಜಾಸ್ತಿಯಾದರೆ, ದಾರಿಯೇ ಬೇರೆ. ಆಗ ಪೆಟ್ರೋಲ್ ಸಾಲುತ್ತಿಲ್ಲ: ಪಂಪ್ ಬಳಲಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಅಥವಾ ಏರ್‌ಫ್ಲೋ ಸೆನ್ಸರ್‌ಗೆ ಧೂಳು ಕೂತು ಬರುವ ಗಾಳಿಯನ್ನು ಕಡಿಮೆ ಲೆಕ್ಕ ಹಾಕುತ್ತಿದೆ. ಅದಕ್ಕೆಂದೇ ಸ್ಪ್ರೇ ಸಿಗುತ್ತದೆ, ಒಳಗಿನ ತಂತಿಯನ್ನು ಮಾತ್ರ ಬಟ್ಟೆಯಿಂದಾಗಲಿ ಬೆರಳಿನಿಂದಾಗಲಿ ಮುಟ್ಟಬೇಡಿ. ಇನ್ನು, ಸೆನ್ಸರ್‌ಗಿಂತ ಮೊದಲು ಸೈಲೆನ್ಸರ್ ಪೈಪ್ ಸೀಳಿದ್ದರೆ ಹೊರಗಿನ ಗಾಳಿ ಒಳಗೆ ಬಂದು ಸೆನ್ಸರ್ ಮೋಸ ಹೋಗುತ್ತದೆ. ಬೆಳಗ್ಗೆ ಮೊದಲ ಸ್ಟಾರ್ಟಿನಲ್ಲಿ ‘ಟಿಕ್ ಟಿಕ್’ ಸದ್ದು, ಜಾಯಿಂಟಿನಲ್ಲಿ ಕಪ್ಪು ಮಸಿ ಇದ್ದರೆ ಅದನ್ನು ನೋಡಿಸಿ.

ಒಂದು ಎಚ್ಚರಿಕೆ. ಇಲ್ಲಿ ಹೇಳಿದ ಕಳ್ಳಗಾಳಿಯ ಲೆಕ್ಕ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಗಳಿಗೆ. ನಮ್ಮ ರಸ್ತೆಯ ಬಹಳಷ್ಟು ಚಿಕ್ಕ ಕಾರುಗಳಲ್ಲಿ ಅದಿಲ್ಲ, ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದೆ. ತೂತಿನಿಂದ ಬಂದ ಗಾಳಿಯನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಗಾಗಿ ಅಂಥ ಗಾಡಿಯಲ್ಲಿ ಪೈಪ್ ಹರಿದರೆ ಟ್ರಿಮ್ ಅಷ್ಟು ಏರುವುದಿಲ್ಲ, ಬದಲಿಗೆ ಐಡಲಿಂಗ್ ಆರ್‌ಪಿಎಂ ಸುಮ್ನೆ ಮೇಲೆ ಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಮೊದಲು ಮೆಕ್ಯಾನಿಕ್ ಹತ್ತಿರ ಕೇಳಿ.

ಸೆನ್ಸರ್ ಬಗ್ಗೆ ಇನ್ನೂ ಅನುಮಾನ ಇದ್ದರೆ ಅದನ್ನೂ ಪರೀಕ್ಷಿಸಬಹುದು. ಹಳೇ ಮಾದರಿಯ ಸೆನ್ಸರ್ ಸುಮಾರು 0.1ರಿಂದ 0.9 ವೋಲ್ಟ್ ನಡುವೆ ಏರಿಳಿಯುತ್ತದೆ. ಎಂಜಿನ್ ಬಿಸಿ ಇರುವಾಗ ಆಕ್ಸಿಲರೇಟರ್ ಪಟ್ಟನೆ ಒತ್ತಿ ಬಿಡಿ. ಒತ್ತಿದಾಗ 0.8ರ ಮೇಲೆ ಜಿಗಿದು, ಬಿಟ್ಟಾಗ 0.2ರ ಕೆಳಗೆ ಬಿದ್ದರೆ ಸೆನ್ಸರ್ ಜೀವಂತವಾಗಿದೆ. ಹೊಸ ಗಾಡಿಗಳ ಏರ್-ಫ್ಯೂಯಲ್ ಸೆನ್ಸರ್‌ಗೆ ಈ ವೋಲ್ಟೇಜ್ ಲೆಕ್ಕ ಹೊಂದುವುದಿಲ್ಲ.

ಈಗ ಎಮಿಷನ್ ಟೆಸ್ಟ್ ವಿಚಾರ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಇಷ್ಟವಾಗಿದ್ದು ಇದೇ, ಏಕೆಂದರೆ ‘ಪಾಸ್ ಆಗಿದೆಯಲ್ಲ, ಇನ್ನೇನು’ ಅಂತ ಎಷ್ಟೋ ಜನ ಲೈಟ್ ಕಡೆ ನೋಡುವುದನ್ನೇ ಬಿಡುತ್ತಾರೆ. ನಿಮ್ಮದು ಬಿಎಸ್4 ಗಾಡಿ. ಅದಕ್ಕೆ ಐಡಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 0.3%, ಹೈಡ್ರೋಕಾರ್ಬನ್ 200 ಪಿಪಿಎಂ ಮೀರಬಾರದು. ಆಮೇಲೆ 2,500 ಆರ್‌ಪಿಎಂ ಆಸುಪಾಸಿನಲ್ಲಿ ಕಾರ್ಬನ್ ಮೊನಾಕ್ಸೈಡ್ 0.2% ಒಳಗೆ, ಗಾಳಿ-ಪೆಟ್ರೋಲ್ ಸಮತೋಲನ ಹೇಳುವ ಲ್ಯಾಂಬ್ಡಾ 0.97ರಿಂದ 1.03ರ ಒಳಗೆ ಇರಬೇಕು.

ನಿಮ್ಮ ತೊಂದರೆಯನ್ನು ಇದರ ಪಕ್ಕ ಇಟ್ಟು ನೋಡಿ. ಕಾರ್ಬನ್ ಮೊನಾಕ್ಸೈಡ್ ಏರುವುದು ಪೆಟ್ರೋಲ್ ಜಾಸ್ತಿಯಾದಾಗ. ನಿಮ್ಮಲ್ಲಿ ಕಡಿಮೆಯಾಗಿದೆ, ಹಾಗಾಗಿ ಆ ಅಂಕಿ ಚೆನ್ನಾಗೇ ಬರುತ್ತದೆ. ಲ್ಯಾಂಬ್ಡಾ ಅಳೆಯುವುದು 2,500ರಲ್ಲಿ, ಕಳ್ಳಗಾಳಿ ಲೆಕ್ಕಕ್ಕೆ ಬಾರದ ಜಾಗದಲ್ಲೇ. ಲೀನ್ ಆದಾಗ ನಿಜವಾಗಿ ಜಾಸ್ತಿಯಾಗುವುದು ನೈಟ್ರೋಜನ್ ಆಕ್ಸೈಡ್‌ಗಳು. ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದ್ದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಅವನ್ನು ಒಡೆಯಲು ಆಗುವುದಿಲ್ಲ. ಈ ಟೆಸ್ಟಿನಲ್ಲಿ ಅವನ್ನು ಅಳೆಯುವುದೇ ಇಲ್ಲ. ಕಣ್ಣಿಗೂ ಕಾಣುವುದಿಲ್ಲ. ಆದರೆ ಸಿಗ್ನಲ್‌ನಲ್ಲಿ ನಿಮ್ಮ ಹಿಂದೆ ಸ್ಕೂಟರ್ ಮೇಲೆ ಅಪ್ಪನ ಮುಂದೆ ನಿಂತಿರುವ ಮಗುವಿನ ಎದೆಗೆ ಅದು ಸೇರುತ್ತದೆ. ಹಾಗಾಗಿ ಸರ್ಟಿಫಿಕೇಟೂ ನಿಜ, ಲೈಟೂ ನಿಜ.

ಪೆಟ್ರೋಲ್‌ನಲ್ಲಿ 20% ಎಥೆನಾಲ್ ಬಂದ ಮೇಲೆ ಇನ್ನೊಂದು ಬದಲಾವಣೆ ಆಗಿದೆ. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಬೇಕಾಗುವ ಗಾಳಿ ಕಡಿಮೆ: 10% ಮಿಶ್ರಣಕ್ಕೆ ಸುಮಾರು 14.1, 20% ಮಿಶ್ರಣಕ್ಕೆ ಸುಮಾರು 13.5 ಗ್ರಾಂ. ಹಳೇ ಹೊಂದಾಣಿಕೆಯ ಗಾಡಿ ಇದನ್ನು ಲೀನ್ ಅಂತಲೇ ಓದಿ ನಾಲ್ಕೈದು ಪರ್ಸೆಂಟ್ ಪೆಟ್ರೋಲ್ ಹೆಚ್ಚಿಸುತ್ತದೆ. ಇಷ್ಟಕ್ಕೇ ಪಿ0171 ಬರುವುದಿಲ್ಲ. ಆದರೆ ಮೊದಲು ಇಸಿಯು ಹೇಗೋ ನಿಭಾಯಿಸುತ್ತಿದ್ದ ಸಣ್ಣ ತೂತು ಈಗ ಮಿತಿ ದಾಟಿ ಲೈಟ್ ಹಚ್ಚಬಹುದು.

ಗಾಡಿ ಓಡಿಸಬಹುದಾ ಅಂತ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಲೈಟ್ ಸ್ಥಿರವಾಗಿದ್ದು ಗಾಡಿ ಎಳೆಯುತ್ತಿದ್ದರೆ ಗ್ಯಾರೇಜಿನ ತನಕ ಧಾರಾಳವಾಗಿ ಹೋಗಬಹುದು, ತಿಂಗಳುಗಟ್ಟಲೆ ಬಿಡಬೇಡಿ. ಲೈಟ್ ಮಿಣುಕತೊಡಗಿದರೆ ಕಥೆ ಬೇರೆ. ಎಂಜಿನ್ ಜೋರಾಗಿ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತಿದೆ ಅಂತ. ಆಕ್ಸಿಲರೇಟರ್ ಬಿಟ್ಟು, ಪಕ್ಕಕ್ಕೆ ನಿಲ್ಲಿಸಿ. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುವ ಪಾರ್ಟ್ ಅದು. ಕಿಡಿ ಹೊಡೆಸುವ ಒಂದು ಇಗ್ನಿಷನ್ ಕಾಯಿಲ್‌ನಲ್ಲಿ ಮುಗಿಯುವ ಖರ್ಚು ಅದರ ಎಷ್ಟೋ ಪಟ್ಟು ಆಗುತ್ತದೆ.

ಗ್ಯಾರೇಜಿಗೆ ಹೋದಾಗ ಇನ್ನೊಂದು ಕೆಲಸ ಮಾಡಿ. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ತೆಗೆಸಿ, ಸ್ಕ್ಯಾನರ್ ಪರದೆಯ ಫೋಟೋ ಹೊಡೆದುಕೊಳ್ಳಿ. ಲೈಟ್ ಹತ್ತಿದ ಕ್ಷಣದಲ್ಲಿ ಸ್ಪೀಡ್ ಎಷ್ಟು, ಆರ್‌ಪಿಎಂ ಎಷ್ಟು, ಎಂಜಿನ್ ಎಷ್ಟು ಬಿಸಿ ಇತ್ತು, ಟ್ರಿಮ್ ಎಷ್ಟಿತ್ತು ಎಲ್ಲ ಅದರಲ್ಲಿ ಇರುತ್ತದೆ. ಸ್ಪೀಡ್ ಸೊನ್ನೆ, 750 ಆರ್‌ಪಿಎಂ ಅಂತ ಇದ್ದರೆ ಮೊದಲು ಪೈಪುಗಳನ್ನು ಹುಡುಕಿ. 80 ಕಿಲೋಮೀಟರ್ ಸ್ಪೀಡಿನಲ್ಲಿ, ಲೋಡ್ ಜಾಸ್ತಿ ಇರುವಾಗ ಹತ್ತಿದ್ದರೆ ಪೆಟ್ರೋಲ್ ಒತ್ತಡ ಅಳೆಸಿ. ಒಮ್ಮೆ ‘ಕ್ಲಿಯರ್’ ಒತ್ತಿದರೆ ಅದೆಲ್ಲ ಅಳಿಸಿಹೋಗುತ್ತದೆ, ಗಾಡಿ ಕಲಿತ ಟ್ರಿಮ್ ಕೂಡ ಸಾಮಾನ್ಯವಾಗಿ ಸೊನ್ನೆಗೆ ಬರುತ್ತದೆ. ಆಮೇಲೆ ಲೈಟ್ ಮತ್ತೆ ಹತ್ತುವವರೆಗೆ ಕಾಯಬೇಕು.