ಸಾಲಿನ ತಲೆಯಿಂದ ಕೊನೆಗೆ ಸರಿದ ಪ್ರಾಸ

ಪ್ರೇಮಗೀತೆಯ ಛಂದಸ್ಸು ಬಿಡಿಸಲು ಕೂತವರು ಇಂದು ಮೊದಲು ಹುಡುಕುವುದು ಸಾಲಿನ ಕೊನೆಯ ಪ್ರಾಸವನ್ನು. ಹಿಂದಿನವರ ಗಮನವೆಲ್ಲ ಎರಡನೇ ಅಕ್ಷರದ ಮೇಲಿತ್ತು. ಹತ್ತನೇ ಶತಮಾನದ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಈ ಆದಿಪ್ರಾಸವನ್ನು ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಬಗೆಯಾಗಿ ವಿಂಗಡಿಸಿದ. ಎಲ್ಲ ಸಾಲುಗಳಲ್ಲೂ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಸ್ವರ ಬೇರೆಯಾದರೆ ಅಡ್ಡಿಯಿಲ್ಲ. ಮೊದಲ ಅಕ್ಷರ ಒಂದು ಸಾಲಿನಲ್ಲಿ ದೀರ್ಘವಾದರೆ ಉಳಿದವುಗಳಲ್ಲೂ ದೀರ್ಘವೇ. ಸಾಲು ಒಡೆಯದೆ ತಾಳೆಗರಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ, ಹೊಸ ಸಾಲು ಶುರುವಾಯಿತೆಂದು ಕಿವಿಗೆ ತಿಳಿಸಲು ಇದು ದೊಡ್ಡ ಆಸರೆ.

ಈ ಎರಡು ಸಾಲು ನೋಡಿ:

ನೀ ಬರದ ಇರುಳು ಸೊಡರುರಿದಿತ್ತು ಬರಿದೆ
ಗಾಳಿ ಬಡಿದರು ನೀನೆ ಎಂದು ಕದ ತೆರೆದೆ

ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆ ಮಾತ್ರೆ, ಮಾತ್ರೆಗಳ ಗುಂಪು ಗಣ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ, ಸೊನ್ನೆಯಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು; ಉಳಿದವು ಲಘು. ನೀ ಬರದ | ಇರುಳು ಸೊಡ | ರುರಿದಿತ್ತು | ಬರಿದೆ: 5, 5, 5, 3. ಲೆಕ್ಕ ತಪ್ಪುವುದು ಮೂರನೇ ಗಣದಲ್ಲಿ. ‘ದಿ’ ಹ್ರಸ್ವ ತಾನೆ ಎಂದು ಒಂದೇ ಮಾತ್ರೆ ಕೊಟ್ಟರೆ ಗಣ ನಾಲ್ಕಕ್ಕೆ ಇಳಿಯುತ್ತದೆ. ಮುಂದೆ ‘ತ್ತು’ ಇರುವುದರಿಂದ ಅದು ಗುರು. ಪದ ಮುಗಿದಲ್ಲೇ ಗಣ ಮುಗಿಯಬೇಕೆಂದೂ ಇಲ್ಲ, ‘ಸೊಡರು’ ಎರಡು ಗಣಗಳಿಗೆ ಹಂಚಿಹೋಗಿದೆ.

ಈಗ ಆದಿಪ್ರಾಸ ಕೂಡಿಸೋಣ. ಎರಡನೇ ಸಾಲಿಗೆ ಮೊದಲು ದೀರ್ಘಾಕ್ಷರ, ಆಮೇಲೆ ಬಕಾರ ಬೇಕು: ‘ಈ ಬಡಿವ ಗಾಳಿಯನು ನೀನೆಂದು ತೆರೆದೆ’. ಮಾತ್ರೆ ಸರಿ, ಮೊದಲಕ್ಷರ ದೀರ್ಘವಾಗಿರುವ ಗಜಪ್ರಾಸವೂ ಸರಿ. ಆದರೆ ಬೇಡದ ‘ಈ’ ಬಂತು, ಬೇಕಾದ ಕದ ಹೋಯಿತು. ತೆರೆದದ್ದೇನು ಎಂಬುದೇ ತಿಳಿಯದು. ಮನಸ್ಸಿನ ಮಾತು ಮಾತಿನಂತೆಯೇ ಕೇಳಬೇಕಾದ ಪ್ರೇಮಗೀತೆಗೆ ಇದು ದೊಡ್ಡ ನಷ್ಟ.

1911ರಲ್ಲಿ ಗೋವಿಂದ ಪೈ ಆದಿಪ್ರಾಸ ತೊರೆದು ಬರೆಯತೊಡಗಿದರು; ವಿರೋಧವೂ ಬಂತು. 1920ರ ದಶಕದಲ್ಲಿ ಬಿ.ಎಂ.ಶ್ರೀ. ಅವರು ಇಂಗ್ಲಿಷ್ ಕವಿತೆಗಳಿಂದ ಮಾಡಿದ ಅನುವಾದಗಳು ಮಾತ್ರಾಗಣಗಳನ್ನು ಹೊಸ ಹೊಸ ಬಗೆಯಲ್ಲಿ ಹೆಣೆದು ಭಾವಗೀತೆಗೆ ದಾರಿ ಮಾಡಿದವು. ಹಾಗೆಂದು ಅಂತ್ಯಪ್ರಾಸ ಪೂರ್ತಿ ಹೊರಗಿನದಲ್ಲ, ಹಳೆಯ ಪದ್ಯಬಂಧವಾದ ರಗಳೆಯಲ್ಲಿ ಅದು ಮೊದಲೇ ಇತ್ತು. ಐದು ಮಾತ್ರೆಯ ನಾಲ್ಕು ಗಣ ಸೇರಿದರೆ ಲಲಿತ ರಗಳೆಯ 20 ಮಾತ್ರೆ. ಮೇಲಿನ ಸಾಲು ಅದರಲ್ಲಿ ಎರಡನ್ನು ಬಿಟ್ಟು 18ಕ್ಕೆ ನಿಂತಿದೆ. ಆ ಎರಡು ಮಾತ್ರೆಯ ಜಾಗದಲ್ಲಿ ಓದುವ ದನಿ ತಾನಾಗಿ ತಡೆಯುತ್ತದೆ, ಪ್ರಾಸ ಅಲ್ಲೇ ಕೂರುತ್ತದೆ.

ಅಂತ್ಯಪ್ರಾಸದ ಅಪಾಯ ಬೇರೆ. ಕನ್ನಡದ ಕ್ರಿಯಾಪದಗಳ ಕೊನೆ ಒಂದೇ ಥರ ಇರುವುದರಿಂದ ‘ಬರೆದೆ, ತೆರೆದೆ, ಕರೆದೆ’ ಎಂದು ಎಷ್ಟು ಬೇಕಾದರೂ ಪೋಣಿಸಬಹುದು, ಕಿವಿ ಬೇಗ ಬೇಸರಪಡುತ್ತದೆ. ಇಲ್ಲಿ ‘ತೆರೆದೆ’ ಕ್ರಿಯಾಪದ, ‘ಬರಿದೆ’ ಅವ್ಯಯ. ಪ್ರಾಸ ಗಟ್ಟಿಯಾಗಿರುವುದು ಅದಕ್ಕೇ.